ತಂಗಿಯ ಮೂಗು ಸುಳ್ಳು ಹೇಳಿರಲಿಲ್ಲ

ನನ್ನ ತಂಗಿಗೆ ಕೊತ್ತಂಬರಿ ಸೊಪ್ಪಿನಲ್ಲಿ ತಿಗಣೆಯ ವಾಸನೆ ಬರುತ್ತಿತ್ತು. ಹುಟ್ಟಿದಾಗಿನಿಂದಲೂ ಹಾಗೇ ಇದ್ದಿರಬೇಕು. ಮಾತು ಬಂದ ಮೇಲೆ ನಮಗೆ ಗೊತ್ತಾಯಿತು. ಆಗ ನಮ್ಮ ಮನೆ ದೇವನೂರಿನ ಹತ್ತಿರದ ಒಂದು ಹಳ್ಳಿಯಲ್ಲಿತ್ತು. ಹಗ್ಗದ ಮಂಚವನ್ನು ಆಗಾಗ ಅಂಗಳಕ್ಕೆ ಎಳೆದು, ಸಂದಿಗಳಿಗೆ ಕುದಿಯುವ ನೀರು ಸುರಿದು ತಿಗಣೆ ಕೊಲ್ಲುವುದು ಎಲ್ಲರ ಮನೆಯಲ್ಲೂ ಇದ್ದ ಕೆಲಸ. ಬೆರಳಲ್ಲಿ ಹೊಸಕಿದ ತಿಗಣೆಯಿಂದ ಎಂಥ ವಾಸನೆ ಬರುತ್ತದೆ ಎಂಬುದು ಆ ಕಾಲದ ಮಕ್ಕಳಿಗೆಲ್ಲ ಗೊತ್ತಿತ್ತು. ನಾಲ್ಕು ವರ್ಷದ ತಂಗಿ ಒಂದು ಮಧ್ಯಾಹ್ನ ತಟ್ಟೆಯಲ್ಲಿದ್ದ ಸಾರನ್ನು ಮೂಸಿ, "ಅವ್ವಾ, ಇದ್ರಲ್ಲಿ ತಿಗಣೆ ಬಿದ್ದೈತೆ" ಎಂದಳು.

ನಾನು ನಕ್ಕೆ. ಅಪ್ಪ ಗದರಿದರು. ಅವ್ವ ಮಾತ್ರ ತಟ್ಟೆಯನ್ನು ಈಸಿಕೊಂಡು ತಾನೂ ಮೂಸಿದಳು. ಅವಳಿಗೆ ಸಾರಿನ ಘಮ ಬಿಟ್ಟು ಬೇರೇನೂ ಸಿಕ್ಕಲಿಲ್ಲ. ಸಾರಿನ ಮೇಲೆ ತೇಲುತ್ತಿದ್ದ ಎಲೆಯೊಂದನ್ನು ಎತ್ತಿ ಮಗಳ ಮೂಗಿಗೆ ಹಿಡಿದಳು. ತಂಗಿ ಮುಖ ಹಿಂದಕ್ಕೆ ಎಳೆದುಕೊಂಡಳು. ಅವ್ವನಿಗೆ ಅಷ್ಟು ಸಾಕಾಯಿತು. ಮಾರನೆಯ ದಿನದಿಂದ ಸೊಪ್ಪು ಹೆಚ್ಚಿ ಹಾಕುವ ಮೊದಲು ಒಂದು ಸೌಟು ಸಾರನ್ನು ಬಟ್ಟಲಿಗೆ ತೆಗೆದಿಡತೊಡಗಿದಳು. ಅಪ್ಪ ಒಮ್ಮೆ, "ಹಿಂಗೆ ಮುದ್ದು ಮಾಡಿದ್ರೆ ನಾಳೆ ಕೊಟ್ಟ ಮನೇಲಿ ಏನ್ ಮಾಡ್ತಾಳೆ?" ಎಂದು ಕೇಳಿದರು. ಅದಕ್ಕೆ ಅವ್ವ, "ಅವಳ ಮೂಗು ಅವಳ್ದು, ನಿಮ್ಮ ಮೂಗು ನಿಮ್ದು. ಒಂದು ಸೌಟು ಸಾರು ತೆಗೆದಿಡಕ್ಕೆ ನಂಗೇನು ಕಷ್ಟ?" ಎಂದಳು. ಓದು ಬರಹ ಬಾರದ ಅವ್ವ ಆಡಿದ ಆ ಮಾತು ಎಷ್ಟು ನಿಜವೆಂದು ಜೀವಶಾಸ್ತ್ರ ಓದಿ, ಅದನ್ನೇ ಪಾಠ ಹೇಳುತ್ತ ಬಂದ ನನಗೆ ತಿಳಿಯಲು ನಲವತ್ತು ವರ್ಷ ಹಿಡಿಯಿತು.

ತಂಗಿಗೆ ಇಪ್ಪತ್ತು ತುಂಬಿದಾಗ ಅಜ್ಜಂಪುರದ ಹತ್ತಿರದ ಹಳ್ಳಿಯೊಂದರಿಂದ ಸಂಬಂಧ ಬಂತು. ನಾನು ಆಗಷ್ಟೇ ತರೀಕೆರೆಯ ಒಂದು ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದ್ದೆ. ಮಾತುಕತೆಗೆ ಹೊರಟ ದಿನ ಅವ್ವನಿಗೆ ಉಬ್ಬಸ ಜಾಸ್ತಿಯಾಗಿತ್ತು, ಬರಲಾಗಲಿಲ್ಲ. ಗೋಡೆಗೆ ಒರಗಿ ಕೂತು, ಒಂದೊಂದೇ ಮಾತು ಬಿಡಿಸಿ ಆಡುತ್ತ ನನ್ನನ್ನು ಹತ್ತಿರ ಕರೆದಳು. "ಗಂಡಿನೋರಿಗೆ ಆ ಸೊಪ್ಪಿನ ವಿಷ್ಯ ಒಂದು ಹೇಳ್ಬಿಡಪ್ಪಾ. ನಿಮ್ಮಪ್ಪ ಹೇಳಲ್ಲ. ನೀನು ಓದ್ದೋನು, ನಿನ್ನ ಮಾತು ಕೇಳ್ತಾರೆ."

ಅಲ್ಲಿ ಹೋಗಿ ನೋಡಿದರೆ ಅವರ ಜಗಲಿಯ ತುಂಬ ಕೊತ್ತಂಬರಿ ಸೊಪ್ಪು. ಕಪ್ಪು ಮಣ್ಣಿನ ಹೊಲ. ಈರುಳ್ಳಿಯ ಜೊತೆಗೆ ಸೊಪ್ಪನ್ನೂ ಬೆಳೆಯುತ್ತಿದ್ದರು. ಬೆಳಗ್ಗೆ ಕಿತ್ತು ತಂದದ್ದನ್ನು ಹೆಂಗಸರು ಕಟ್ಟು ಕಟ್ಟಿ ನೀರು ಚಿಮುಕಿಸಿ ಗೋಣಿಯಡಿ ಜೋಡಿಸಿದ್ದರು. ಮನೆಗೆ ಮನೆಯೇ ಘಮಘಮ ಎನ್ನುತ್ತಿತ್ತು. ಹುಡುಗನ ತಂದೆ, "ನಮ್ಮ ಸೊಪ್ಪು ಅಂದ್ರೆ ಶಿವಮೊಗ್ಗದ ಮಾರ್ಕೆಟ್ಟಲ್ಲಿ ಬಾಯ್ಬಿಟ್ಟು ಕೇಳ್ತಾರೆ ಕಣ್ರೀ" ಎಂದು ಹೆಮ್ಮೆಪಟ್ಟರು. ಅವ್ವ ಹೇಳಿದ ಮಾತು ನನ್ನ ಗಂಟಲವರೆಗೆ ಬಂತು. ಇಷ್ಟು ಜನರ ಮುಂದೆ, ಮದುವೆ ಮಾತಿನ ನಡುವೆ, ನಮ್ಮ ಹುಡುಗಿಗೆ ನಿಮ್ಮ ಬೆಳೆಯಲ್ಲಿ ತಿಗಣೆ ನಾತ ಬರುತ್ತದೆ ಎನ್ನುವುದು ಹೇಗೆ? ನಕ್ಕುಬಿಟ್ಟರೆ? ನುಂಗಿಕೊಂಡೆ. ವಾಪಸು ಬಂದಾಗ ಅವ್ವ ಮೊದಲು ಕೇಳಿದ್ದೇ ಅದನ್ನು. "ಹೇಳ್ದೇನೋ?" "ಹ್ಞೂ" ಎಂದೆ. ಅವಳು ಸಮಾಧಾನದಿಂದ ಕಣ್ಣು ಮುಚ್ಚಿದಳು. ಮದುವೆಯಾಗಿ ಆರು ತಿಂಗಳಿಗೆ ಅವ್ವ ತೀರಿಕೊಂಡಳು. ತಂಗಿಯ ಮನೆಯಲ್ಲಿ ನಡೆದದ್ದನ್ನು ಅವಳ ಕಿವಿಗೆ ನಾವು ಹಾಕಲೇ ಇಲ್ಲ.

ತಂಗಿ ಗಂಡನ ಮನೆಗೆ ಹೋದ ಮೂರನೆಯ ಬೆಳಗ್ಗೆ ಅವಳನ್ನು ಸೊಪ್ಪಿನ ರಾಶಿಯ ಮುಂದೆ ಕೂರಿಸಿದರು. ಹತ್ತು ಕಟ್ಟು ಕಟ್ಟುವಷ್ಟರಲ್ಲಿ ಎದ್ದು ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡಳು. ಮಾರನೆಯ ದಿನವೂ ಅದೇ ಆಯಿತು. ಮದುವೆಯಾದ ವಾರದೊಳಗೆ ಹುಡುಗಿ ಬೆಳಗೆದ್ದು ವಾಂತಿ ಮಾಡಿದರೆ ಊರಿನ ಹೆಂಗಸರು ಏನೆಂದುಕೊಳ್ಳುತ್ತಾರೋ ಅದನ್ನೇ ಅಂದುಕೊಂಡರು. ಅತ್ತೆ ಬೆರಳು ಮಡಿಸಿ ದಿನ ಎಣಿಸಿದರು. ತಂಗಿ ಸೊಪ್ಪಿನ ವಾಸನೆ ಎಂದಳು. ಅದನ್ನು ಯಾರೂ ನಂಬಲಿಲ್ಲ. ಸಿಕ್ಕಿಬಿದ್ದವಳು ಕಟ್ಟುವ ಕತೆ ಎಂದುಕೊಂಡರು. ಕೊನೆಗೆ ತರೀಕೆರೆಗೆ ಕರೆತಂದು ಲೇಡಿ ಡಾಕ್ಟರ ಹತ್ತಿರ ಪರೀಕ್ಷೆ ಮಾಡಿಸಿದರು. ನಾನು ಅದೇ ಊರಿನಲ್ಲಿ, ಎರಡು ಬೀದಿ ಆಚೆ, ಮಕ್ಕಳಿಗೆ ಕಪ್ಪೆಯ ಅಂಗಗಳನ್ನು ತೋರಿಸುತ್ತಿದ್ದೆ. ನನಗೆ ತಿಳಿಸಲಿಲ್ಲ. ಏನೂ ಇಲ್ಲವೆಂದು ಡಾಕ್ಟರು ಹೇಳಿದ ಮೇಲೆ ನನ್ನನ್ನು ತಮ್ಮ ಊರಿಗೆ ಕರೆಸಿದರು.

ಪಡಸಾಲೆಯಲ್ಲಿ ಅತ್ತೆ, ಮಾವ, ಗಂಡ ಎಲ್ಲರೂ ಕೂತಿದ್ದರು. ತಂಗಿ ಬಾಗಿಲ ಸಂದಿಯಲ್ಲಿ ನಿಂತಿದ್ದಳು. ಅತ್ತೆಯೇ ಮಾತೆತ್ತಿದರು. "ನೋಡಿ ಮೇಷ್ಟ್ರೇ, ನಿಮ್ಮ ಹುಡುಗಿಗೆ ನಮ್ಮನೆ ಅನ್ನ ಹೇಸಿಗೆ ಆಯ್ತದಂತೆ. ನಾವು ಬೆಳ್ದಿದ್ದು ತಿಗಣೆ ವಾಸ್ನೆ ಅಂತೆ. ಎಲ್ಲಾರ ಕಂಡಿದ್ದೀರಾ ನೀವು ಇದನ್ನ? ನೀವು ಸೈನ್ಸ್ ಓದ್ದೋರು, ನೀವೇ ಹೇಳಿ."

ತಂಗಿ ನನ್ನ ಮುಖ ನೋಡಿದಳು. ಒಂದು ಮಾತು ಸಾಕಿತ್ತು: ಹೌದು, ಚಿಕ್ಕಂದಿನಿಂದಲೂ ಹೀಗೇ, ನಮ್ಮವ್ವ ಸಾರು ಬೇರೆ ತೆಗೆದಿಡುತ್ತಿದ್ದಳು. ಆ ಮಾತು ಆಡಿದ್ದರೆ ಅವಳ ಮೇಲಿನ ಕಳಂಕ ಅಲ್ಲೇ ತೊಳೆದುಹೋಗುತ್ತಿತ್ತು. ಆದರೆ ಆಗ, ಮೊದಲೇ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ನನ್ನ ಕಡೆಗೆ ತಿರುಗುತ್ತಿತ್ತು. "ಹೊಸ ಜಾಗ, ಸ್ವಲ್ಪ ದಿನ ಹೋದ್ರೆ ಅಭ್ಯಾಸ ಆಗುತ್ತೆ" ಎಂದೆ. ಹೊರಡುವಾಗ ಬೇಲಿಯ ಹತ್ತಿರ ಅವಳನ್ನು ನಿಲ್ಲಿಸಿ ಬುದ್ಧಿಯನ್ನೂ ಹೇಳಿದೆ. "ಎಲ್ರೂ ತಿಂತಾರೆ, ನಿಂಗೊಬ್ಳಿಗೇ ಏನು? ಮೂಗು ಹಿಡ್ಕೊಂಡಾದ್ರೂ ತಿನ್ನು."

ಅವಳು, "ಆಯ್ತು ಬಿಡಣ್ಣಾ, ಇನ್ನ ಹೇಳಲ್ಲ" ಎಂದಳು.

ಹೇಳಲೂ ಇಲ್ಲ. ಇಪ್ಪತ್ತಾರು ವರ್ಷ ಆ ಮನೆಯ ಸೊಪ್ಪನ್ನು ಕಿತ್ತಳು, ಕಟ್ಟು ಕಟ್ಟಿದಳು, ಹೆಚ್ಚಿದಳು, ಅದೇ ಸಾರಿಗೆ ಮುದ್ದೆ ಅದ್ದಿ ನುಂಗಿದಳು. ಮುದ್ದೆಯನ್ನು ಅಗಿಯದೆ ನುಂಗುತ್ತೇವಲ್ಲ, ಅದೇ ಅವಳಿಗೆ ಅನುಕೂಲವಾಯಿತು. ನಾನು ಹೋದಾಗಲೆಲ್ಲ ಗಮನಿಸುತ್ತಿದ್ದೆ: ಊಟ ಮಾಡುವಷ್ಟು ಹೊತ್ತು ಮೂಗಿನಲ್ಲಿ ಉಸಿರೆಳೆಯುತ್ತಿರಲಿಲ್ಲ. ನೋಡಿದವರಿಗೆ ಅವಸರದ ಹೆಂಗಸು ಅನ್ನಿಸಬೇಕು. ಕೈ ಬೆರಳುಗಳನ್ನು ಹುಣಸೆಹಣ್ಣಿನಿಂದ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದಳು. ತಂಗಿಯ ಗಂಡ, ಭಾವ, ಕೆಟ್ಟವರಲ್ಲ. ಹೆಂಡತಿ ಮೈ ತುಂಬಿಕೊಳ್ಳಲೇ ಇಲ್ಲ ಎಂದು ಆಗಾಗ ಪೇಚಾಡಿಕೊಂಡು ಟಾನಿಕ್ಕು ತಂದುಕೊಡುತ್ತಿದ್ದರು.

ಅವರಿಗೆ ಒಬ್ಬಳೇ ಮಗಳು. ಆ ಮಗುವಿಗೆ ಐದು ವರ್ಷವಿದ್ದಾಗ ಯಾವುದೋ ಹಬ್ಬದ ಮಾರನೆಯ ದಿನ ನಾನು ಹೋಗಿದ್ದೆ. ಊಟಕ್ಕೆ ಕೂತಿದ್ದೆವು. ಮಗು ಸೊಪ್ಪು ಹಾಕಿದ ಚಿತ್ರಾನ್ನ ಬಾಯಿಗಿಟ್ಟು ಉಗುಳಿ, "ಅಮ್ಮಾ, ಹುಳದ ವಾಸ್ನೆ" ಎಂದಿತು. ತಂಗಿಯ ಕೈ ಹೇಗೆ ಬಂತೋ, ಮಗುವಿನ ಕೆನ್ನೆಗೆ ರಪ್ಪನೆ ಬಿತ್ತು. ಆಮೇಲೆ ದವಡೆ ಅದುಮಿ ಹಿಡಿದು ತುತ್ತನ್ನು ಒಳಗೆ ತುರುಕಿದಳು. "ನುಂಗು. ನುಂಗು ಅಂದೆ." ಮಗು ಕಣ್ಣು ಬಿಟ್ಟುಕೊಂಡು ನುಂಗಿತು. ಅತ್ತೆಯೇ ಎದ್ದು, "ಬಿಡೇ, ಕೂಸನ್ನ ಸಾಯಿಸ್ತೀಯಾ?" ಎಂದು ಬಿಡಿಸಿದರು. ನಾನು ತಂಗಿಯನ್ನು ಹೊರಗೆ ಕರೆದು, "ಏನಿದು?" ಎಂದು ಕೇಳಿದೆ. "ಈಗ್ಲೇ ಅಭ್ಯಾಸ ಆಗ್ಲಿ. ನಾಳೆ ಹೋದ ಮನೇಲಿ ಇವಳ ಮಾತು ಯಾರು ಕೇಳ್ತಾರೆ?" ಎಂದಳು.

ಅದು ಒಂದು ದಿನದ ಹೊಡೆತವಲ್ಲ ಎಂದು ನನಗೆ ಆಮೇಲೆ ಗೊತ್ತಾಯಿತು. ಪ್ರತಿ ಊಟವೂ ಹಾಗೇ ನಡೆಯುತ್ತಿತ್ತಂತೆ. ಹುಡುಗಿ ಏಳನೆಯ ತರಗತಿ ಮುಗಿಯುತ್ತಲೇ ಹಟ ಹಿಡಿದು ಕಡೂರಿನ ಹಾಸ್ಟೆಲಿಗೆ ಹೋದಳು. ಅಲ್ಲೇ ಓದಿದಳು, ಅಲ್ಲೇ ಶಾಲೆಯೊಂದರಲ್ಲಿ ಟೀಚರಾದಳು, ಅಲ್ಲಿಯವನನ್ನೇ ಮದುವೆಯಾದಳು. ತವರಿಗೆ ಬಂದರೆ ಬೆಳಗ್ಗೆ ಬಂದು ಸಂಜೆಯ ಬಸ್ಸಿಗೆ ಹೊರಟುಬಿಡುತ್ತಿದ್ದಳು.

ಆಮೇಲೆ ಕೊರೋನಾ ಬಂತು. ಎರಡನೆಯ ಅಲೆಯಲ್ಲಿ ತಂಗಿಯ ಮನೆಯವರೆಲ್ಲ ಮಲಗಿದರು. ಎಲ್ಲರೂ ಚೇತರಿಸಿಕೊಂಡರು. ತಿಂಗಳಾದ ಮೇಲೆ ಭಾವ ಫೋನು ಮಾಡಿ, "ಮೇಷ್ಟ್ರೇ, ನಿಮ್ಮ ತಂಗಿಗೆ ವಾಸನೆಯೇ ಹೊರಟೋಗೈತೆ. ಊದಿನಕಡ್ಡಿ ಮೂಗಿಗೆ ಹಿಡಿದ್ರೂ ಗೊತ್ತಾಗಲ್ಲ. ಆದ್ರೆ ಊಟ ಮಾತ್ರ ಮಸ್ತಾಗಿ ಮಾಡ್ತಾಳೆ, ಅದೇ ಆಶ್ಚರ್ಯ" ಎಂದರು.

ಬಸ್ಸು ಶುರುವಾದ ಮೇಲೆ ನೋಡಲು ಹೋದೆ. ಮಧ್ಯಾಹ್ನ ನನ್ನ ಪಕ್ಕದಲ್ಲೇ ಕೂತು ಉಂಡಳು. ಅವಸರವಿರಲಿಲ್ಲ. ಸಾರಿಗೆ ಮೇಲಿಂದ ಇನ್ನೊಂದು ಹಿಡಿ ಸೊಪ್ಪು ಉದುರಿಸಿಕೊಂಡು, ಎಲೆಯನ್ನು ಹಲ್ಲಿನಲ್ಲಿ ಅಗಿದಳು. ನಾನು ನೋಡುತ್ತಲೇ ಇದ್ದೆ. ಅತ್ತೆ ಎದ್ದು ಹೋದ ಮೇಲೆ ಮೆಲ್ಲಗೆ ಹೇಳಿದಳು: "ಮನೆ ನಿಶ್ಶಬ್ದ ಆದಂಗೆ ಆಗೈತೆ ಅಣ್ಣಾ. ಇಷ್ಟು ವರ್ಷ ಕಿವಿಯೊಳಗೆ ಯಾರೋ ಕೂಗ್ತಾನೇ ಇದ್ರು, ಈಗ ನಿಂತೋಯ್ತು. ವಾಸ್ನೆ ವಾಪಸ್ ಬರ್ದೇ ಇದ್ರೆ ಸಾಕು."

ಇಪ್ಪತ್ತಾರು ವರ್ಷದಲ್ಲಿ ಅವಳು ನನ್ನ ಮುಂದೆ ತನ್ನ ಮೂಗಿನ ವಿಷಯ ಎತ್ತಿದ್ದು ಅದೇ ಮೊದಲು. ಅಂದರೆ ಒಂದು ದಿನವೂ ಅಭ್ಯಾಸವಾಗಿರಲಿಲ್ಲ. ರೋಗ ಬಂದು ಮೂಗನ್ನು ಕೊಂದ ಮೇಲೆ ಅವಳಿಗೆ ನೆಮ್ಮದಿಯ ಊಟ ಸಿಕ್ಕಿತ್ತು.

ಕಾಲೇಜು ಆಗ ಮೊಬೈಲಿನಲ್ಲಿ ನಡೆಯುತ್ತಿತ್ತು. ಕೊರೋನಾದಲ್ಲಿ ವಾಸನೆ ಯಾಕೆ ಹೋಗುತ್ತದೆ ಸಾರ್ ಎಂದು ಮಕ್ಕಳು ಕೇಳಿದ್ದರಿಂದ ಓದಲು ಕೂತೆ. ಪಠ್ಯದಲ್ಲಿ ಮೂಗಿನ ಬಗ್ಗೆ ಇದ್ದದ್ದು ಕೆಲವೇ ಸಾಲು; ಅಷ್ಟನ್ನೇ ವರ್ಷ ವರ್ಷವೂ ಹೇಳಿ ಮುಗಿಸುತ್ತಿದ್ದೆ. ಈಗ ಓದಿದ್ದು ಬೇರೆ. ಮೂಗಿನ ಮೇಲ್ಭಾಗದಲ್ಲಿ ಉಗುರಿನಷ್ಟಗಲದ ಒಂದು ಪೊರೆ. ಅದರಲ್ಲಿ ಲಕ್ಷಗಟ್ಟಲೆ ನರಕೋಶಗಳು. ಒಂದೊಂದು ಕೋಶದ ತುದಿಯಲ್ಲೂ ವಾಸನೆಯ ಕಣವನ್ನು ಹಿಡಿಯುವ ಪ್ರೋಟೀನು. ಒಂದು ಕೋಶಕ್ಕೆ ಒಂದೇ ಬಗೆಯದು. ಇಂಥವು ಮನುಷ್ಯನಲ್ಲಿ ಸುಮಾರು ನಾನೂರು ಬಗೆ. ಪ್ರತಿ ಬಗೆಗೂ ಅದನ್ನು ಕಟ್ಟುವ ಒಂದು ಜೀನು. ಹೆಚ್ಚು ಕಡಿಮೆ ಅಷ್ಟೇ ಜೀನುಗಳು ಕೆಟ್ಟು ಮೂಕವಾಗಿ ಬಿದ್ದಿವೆ. ಯಾವುದು ದುಡಿಯುತ್ತದೆ, ಯಾವುದು ದುಡಿಯುವುದಿಲ್ಲ, ಯಾವುದು ತುಸು ಬೇರೆ ಥರ ದುಡಿಯುತ್ತದೆ ಎಂಬುದು ಎಲ್ಲರಲ್ಲೂ ಒಂದೇ ಅಲ್ಲ. ಒಂದೇ ಪಂಕ್ತಿಯಲ್ಲಿ ಕೂತ ಇಬ್ಬರಿಗೆ ಒಂದೇ ಸಾರು ಎರಡು ವಾಸನೆಯಾಗಬಹುದು.

ಕೊತ್ತಂಬರಿಯ ಮಾತು ಅಲ್ಲೇ, ಉದಾಹರಣೆಯಾಗಿ ಬಂತು. ಆ ಎಲೆಯಲ್ಲಿರುವ ಆಲ್ಡಿಹೈಡ್ ಎಂಬ ವಸ್ತುಗಳನ್ನು ಚುರುಕಾಗಿ ಹಿಡಿಯುವ ಒಂದು ಪ್ರೋಟೀನು ಇದೆ. ಕೆಲವರಿಗೆ ಆ ಸೊಪ್ಪು ಸಹಿಸಲಾಗದಿರಲು ಅದರ ಜೀನಿನಲ್ಲಿರುವ ವ್ಯತ್ಯಾಸವೂ ಒಂದು ಕಾರಣ. ಅದೊಂದೇ ಕಾರಣವಲ್ಲ, ಆದರೆ ಅದೂ ಹೌದು. ಅದೇ ಜಾತಿಯ ವಸ್ತು ತಿಗಣೆಯ ಮೈಯಿಂದಲೂ ಹೊರಬರುತ್ತದೆ. ಅಲ್ಲಿಗೆ ಓದುವುದನ್ನು ನಿಲ್ಲಿಸಿದೆ. ನಾಲ್ಕು ವರ್ಷದ ಮಗು ತಟ್ಟೆ ಮೂಸಿ ಹೇಳಿದ್ದು ಅಕ್ಷರಶಃ ಸರಿಯಾಗಿತ್ತು. ತಪ್ಪಿದ್ದವರು ನಾವು.

ಅದನ್ನು ಹೇಳಲೇಬೇಕೆಂದು ಆ ವಾರವೇ ಹೋದೆ. ಅವಳ ಮೇಲಿನ ಹಳೆಯ ಕಳಂಕವನ್ನು ಈಗಲಾದರೂ ತೊಳೆಯುತ್ತೇನೆ, ಅವಳು ಹಗುರಾಗುತ್ತಾಳೆ ಎಂದುಕೊಂಡಿದ್ದೆ. ಜಗಲಿಯ ಮೇಲೆ ಎಲ್ಲರನ್ನೂ ಕೂರಿಸಿ, ಹಳೆಯ ಮದುವೆ ಕಾರ್ಡೊಂದರ ಹಿಂದೆ ಮೂಗಿನ ಚಿತ್ರ ಬರೆದು ವಿವರಿಸಿದೆ. ಅತ್ತೆಗೆ ಆಗ ಎಂಬತ್ತು ದಾಟಿತ್ತು. ಕೊನೆಯವರೆಗೂ ಕೇಳಿ, "ಹಂಗಾರೆ ಇವಳು ಸುಳ್ಳು ಹೇಳ್ಲಿಲ್ವಾ?" ಎಂದರು.

"ಇಲ್ಲ ಅತ್ತೆ. ಒಂದಿನಾನೂ ಹೇಳ್ಲಿಲ್ಲ."

ಅವರು ಸೊಸೆಯ ಕಡೆ ನೋಡಲಾರದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಡಾಕ್ಟ್ರ ತಾವ ಕರ್ಕಂಡೋಗಿದ್ದೆ ಕಣ್ರಪ್ಪಾ ನಾನು ಇವಳನ್ನ" ಎಂದು ಒಂದೇ ಮಾತನ್ನು ಎರಡು ಮೂರು ಸಲ ಹೇಳಿದರು. ಭಾವ ತಲೆ ತಗ್ಗಿಸಿ ಕೂತಿದ್ದರು. ನಾನು ತಂಗಿಯ ಮುಖದಲ್ಲಿ ಸಮಾಧಾನವನ್ನು ಹುಡುಕುತ್ತಿದ್ದೆ. ಅದು ಅಲ್ಲಿ ಇರಲಿಲ್ಲ.

"ಇದು ತಾಯಿಂದ ಮಕ್ಳಿಗೆ ಬರ್ತದಾ?" ಎಂದು ಕೇಳಿದಳು.

"ಬರಬಹುದು."

"ಹಂಗಾದ್ರೆ ಅವಳಿಗೂ ನಿಜವಾಗ್ಲೂ ಬರ್ತಿತ್ತು."

ಅವಳೇ ಮುಂದುವರಿಸಿದಳು. "ನಿಮಗ್ಯಾರ್ಗೂ ಗೊತ್ತಿರ್ಲಿಲ್ಲ. ಗೊತ್ತಿಲ್ದೆ ಬೈದ್ರಿ. ನಂಗೆ ಗೊತ್ತಿತ್ತಲ್ಲ ಅಣ್ಣಾ. ಆ ವಾಸ್ನೆ ಎಂಥದು ಅಂತ ಈ ಮನೇಲಿ ನನಗೊಬ್ಳಿಗೇ ಗೊತ್ತಿತ್ತು. ಗೊತ್ತಿದ್ದೂ ಆ ಕೂಸಿನ ಬಾಯಿಗೆ ತುರುಕ್ದೆ." ಎದ್ದು ಒಳಗೆ ಹೋದಳು. ಚಿತ್ರ ಬರೆದ ಕಾರ್ಡು ನನ್ನ ಕೈಯಲ್ಲೇ ಉಳಿಯಿತು.

ಹದಿನೈದು ದಿನ ಕಳೆದ ಮೇಲೆ ಅವಳೇ ಫೋನು ಮಾಡಿ, ಕಡೂರಿಗೆ ಜೊತೆಗೆ ಬಾ ಎಂದಳು. ಅಜ್ಜಂಪುರದಲ್ಲಿ ರೈಲು ಹತ್ತಿದೆವು. ಮನೆಯಲ್ಲಿ ಮಗಳು ಒಬ್ಬಳೇ ಇದ್ದಳು. ಗಂಡ ಕೆಲಸಕ್ಕೆ ಹೋಗಿದ್ದ. ನಮಗೆ ಉಪ್ಪಿಟ್ಟು ಮಾಡಿ ಕೊಟ್ಟಳು. ತಂಗಿ ತಟ್ಟೆಯನ್ನು ಪಕ್ಕಕ್ಕಿಟ್ಟು, ಬರುವಾಗ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದಳೋ ಏನೋ, ಒಂದೇ ಉಸಿರಿಗೆ ಹೇಳಿದಳು. "ನಂಗೂ ನಿನ್ನಂಗೇ ವಾಸ್ನೆ ಬರ್ತಿತ್ತು ಕಣೇ. ಮೊದ್ಲಿಂದ್ಲೂ. ಗೊತ್ತಿದ್ದೇ ಹೊಡ್ದೆ ನಿನ್ನ."

ಹುಡುಗಿ ತಾಯಿಯನ್ನು ದಿಟ್ಟಿಸಿ ನೋಡಿದಳು. ಅವಳಿಗೆ ಇದು ತಿಳಿದಿರಲಿಲ್ಲ. ತನಗೊಬ್ಬಳಿಗೇ ಏನೋ ಐಬು ಇದೆ ಎಂದು ಅಷ್ಟು ವರ್ಷ ನಂಬಿದ್ದಳು.

"ನಿಂಗೂ ಬರ್ತಿತ್ತಾ?" ಎಂದು ಕೇಳಿದಳು. ದನಿ ಸಣ್ಣಗಿತ್ತು. "ಒಂದ್ಸಲ, ಒಂದೇ ಒಂದ್ಸಲ ನನ್ನ ಕಿವೀಲಿ ಹೇಳಿದ್ರೆ ಸಾಕಿತ್ತಲ್ಲಮ್ಮಾ. ಇಬ್ರೂ ಸೇರಿ ನುಂಗ್ತಿದ್ವಿ."

ತಂಗಿ ಅಳಲಿಲ್ಲ. ಮಗಳ ಕೈ ಹಿಡಿಯಲು ಹೋದಳು. ಹುಡುಗಿ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ, ತಾನಾಗಿ ಹಿಡಿಯಲೂ ಇಲ್ಲ. ಸ್ವಲ್ಪ ಹೊತ್ತಿಗೆ, "ಕಾಫಿ ಇಡ್ತೀನಿ" ಎಂದು ಎದ್ದು ಹೋದಳು. "ಮಾವ, ನಿಮಗೆ ಸಕ್ಕರೆ ಹಾಕ್ಲಾ?" ಎಂದು ಒಳಗಿನಿಂದ ಕೂಗಿ ಕೇಳಿದಳು. ದನಿ ಒದ್ದೆಯಾಗಿತ್ತು.

ವಾಪಸು ಬರುವಾಗ ರೈಲು ಖಾಲಿಯಿತ್ತು. ಅಂದು ನಾನೂ ಹೇಳಿಬಿಟ್ಟೆ. ಮಾತುಕತೆಗೆ ಹೊರಟಾಗ ಅವ್ವ ಹೇಳಿ ಕಳಿಸಿದ್ದು, ನಾನು ಬಾಯಿ ಬಿಡದೆ ಬಂದದ್ದು, ಹೇಳಿದೆ ಎಂದು ಅವ್ವನಿಗೆ ಸುಳ್ಳಾಡಿದ್ದು, ಎಲ್ಲವನ್ನೂ. ಅವಳು ಬೈದರೆ ಸಾಕೆಂದು ಕಾಯುತ್ತಿದ್ದೆ. ಅವಳು ಕಿಟಕಿಯ ಕಡೆ ತಿರುಗಿದಳು. ಬೀರೂರು ದಾಟಿದ ಮೇಲೆ, "ಅವ್ವ ಹೇಳಿ ಕಳ್ಸಿದ್ಲಾ? ನಾನು ಅವ್ವ ಮರೆತೇಬಿಟ್ಲು ಅಂದ್ಕೊಂಡಿದ್ದೆ" ಎಂದಳು. ಆಮೇಲೆ ಅತ್ತಳು. ಅಜ್ಜಂಪುರ ಬರುವವರೆಗೂ ಅಳುತ್ತಿದ್ದಳು. ನನ್ನ ಬಗ್ಗೆ ಅಂದೂ ಏನೂ ಅನ್ನಲಿಲ್ಲ, ಇವತ್ತಿನವರೆಗೂ ಅಂದಿಲ್ಲ. ಅಂದಿದ್ದರೆ ನನಗೆ ಹಗುರಾಗುತ್ತಿತ್ತೋ ಏನೋ.

ಮೂಗಿನ ನರಕೋಶಗಳು ಸತ್ತರೂ ಹೊಸತು ಹುಟ್ಟುತ್ತವೆ, ಬಹಳ ಜನರಿಗೆ ವಾಸನೆ ಮರಳುತ್ತದೆ. ತಂಗಿಗೆ ಮರಳಲಿಲ್ಲ. ಶಿವಮೊಗ್ಗದ ಡಾಕ್ಟರು ನೋಡಿ, ಇಷ್ಟು ದಿನವಾದ ಮೇಲೆ ಕಷ್ಟ ಎಂದರು. ಹಾಲು ಹಳಸಿದರೆ ಅವಳಿಗೆ ತಿಳಿಯುವುದಿಲ್ಲ. ಒಲೆಯ ಮೇಲೆ ಸೀದು ಹೋದರೂ ಗೊತ್ತಾಗುವುದಿಲ್ಲವೆಂದು ಭಾವ ಅಡುಗೆಮನೆಯ ಹೊಸ್ತಿಲಲ್ಲೇ ಕೂತಿರುತ್ತಾರೆ. ಅತ್ತೆ ಹೋದ ವರ್ಷ ತೀರಿಕೊಂಡರು. ಕೊನೆಯ ದಿನಗಳಲ್ಲಿ ಹಾಸಿಗೆ ಹಿಡಿದಿದ್ದ ಅವರನ್ನು ತೊಳೆದು ಒರೆಸಿದವಳು ತಂಗಿಯೇ.

ಮಗಳಿಗೆ ಈಗ ಒಂದು ಹೆಣ್ಣು ಕೂಸು. ಬಾಣಂತನಕ್ಕೆ ತವರಿಗೆ ಬರಲಿಲ್ಲ. ತಂಗಿಯೇ ಕಡೂರಿಗೆ ಹೋಗಿ ಎರಡು ತಿಂಗಳಿದ್ದು ಬಂದಳು. ಅವಳು ಹೋದ ಮೂರನೆಯ ವಾರ ನಾನು ನೋಡಲು ಹೋಗಿದ್ದೆ. ಕೂಸಿಗೆ ಆಗಷ್ಟೇ ನೀರು ಹಾಕಿದ್ದರು. ತಂಗಿ ಅದನ್ನು ಒರೆಸಿ, ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು, ಎಲ್ಲ ಅಜ್ಜಿಯರೂ ಮಾಡುವ ಹಾಗೆ ನೆತ್ತಿಗೆ ಮೂಗು ಒತ್ತಿ ಉಸಿರೆಳೆದಳು. ಮತ್ತೊಮ್ಮೆ ಎಳೆದಳು. ಆಮೇಲೆ ನಮ್ಮ ಕಡೆ ನೋಡಿ ತಪ್ಪು ಮಾಡಿದವಳಂತೆ ನಕ್ಕಳು. "ಏನೂ ಗೊತ್ತಾಗಲ್ಲ" ಎಂದಳು.

ಹುಡುಗಿ ಬಾಣಂತಿ ಮಂಚದಿಂದ ಎದ್ದು ಬಂದು, ಬಾಗಿ, ಅದೇ ನೆತ್ತಿಯನ್ನು ತಾನು ಮೂಸಿದಳು. ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದಳು.

"ಹರಳೆಣ್ಣೆ ಐತಮ್ಮಾ" ಎಂದಳು. "ಅದರ ಕೆಳಗೆ ಹಾಲು. ಹಸೀದಲ್ಲ, ಕಾಯ್ಸಿ ಆರಿಸಿದ್ದು. ಸಾಂಬ್ರಾಣಿ ಹೊಗೆ ಒಂಚೂರು. ಆಮೇಲೆ… ಅದು ಅದರದ್ದೇ ಏನೋ, ಹೇಳಕ್ಕಾಗ್ತಿಲ್ಲ."

"ಹೇಳಕ್ಕಾಗಲ್ಲ ಬಿಡು" ಎಂದಳು ತಂಗಿ. ಕೂಸನ್ನು ಮಗಳ ಕೈಗೆ ಕೊಟ್ಟು, ಒದ್ದೆ ಬಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋದಳು.